ಅವಧಿಯುಳ್ಳ ಒಡೆತನ

ಭೂಮಿಗೆ ಒಡೆಯನಾರು ಎಂಬ ಪ್ರಶ್ನೆಗೆ ನಮ್ಮ ಹಿರಿಯರು ಎರಡು ನೆಲೆಗಳಲ್ಲಿ ನಿಂತು ಉತ್ತರ ಹೇಳಿದ್ದಾರೆ: ವ್ಯವಹಾರದಲ್ಲಿ ಅನುಭೋಗದ ಹಕ್ಕುಳ್ಳವನು ಒಡೆಯ, ಪರಮಾರ್ಥದಲ್ಲಿ ಭಗವಂತನ ಹೊರತು ಮತ್ತಾರೂ ಅಲ್ಲ. ಎರಡನೆಯದನ್ನು ಶ್ರದ್ಧೆಯಿಂದ ಒಪ್ಪಿದವರೂ ಬದುಕನ್ನು ಮೊದಲನೆಯದರ ಮೇಲೆಯೇ ಕಟ್ಟಿಕೊಳ್ಳಬೇಕಾಗಿರುವುದರಿಂದ, ಇವೆರಡಕ್ಕೂ ಸಮನ್ವಯವುಂಟೇ ಎಂದು ಚಿಂತಿಸುವವರಿಗೆ, ಫ್ರಾನ್ಸ್ ಮತ್ತು ಸ್ಪೇನ್ ದೇಶಗಳ ಸೀಮೆಯಾಗಿ ಹರಿಯುವ ಬಿದಸೋವಾ ನದಿಯ ನಡುವಣ ಫೆಸಂಟ್ ದ್ವೀಪವು ಮನನಯೋಗ್ಯವಾದ ದೃಷ್ಟಾಂತವಾಗಿದೆ.

ಎರಡು ಎಕರೆಗೂ ಕಿರಿದಾದ, ಜನವಸತಿಯಿಲ್ಲದ ಈ ನೆಲ ಫೆಬ್ರವರಿ 1ರಿಂದ ಜುಲೈ 31ರವರೆಗೆ ಸ್ಪೇನಿನ ಆಡಳಿತದಲ್ಲಿಯೂ, ಉಳಿದ ಆರು ತಿಂಗಳು ಫ್ರಾನ್ಸಿನ ಆಡಳಿತದಲ್ಲಿಯೂ ಇರುತ್ತದೆ. ದೀರ್ಘಕಾಲ ಕಾದಾಡಿದ ಈ ಎರಡು ರಾಜ್ಯಗಳ ಮಂತ್ರಿಗಳು 1659ರಲ್ಲಿ ಇಲ್ಲಿಯೇ ಕುಳಿತು ಪಿರನೀಸ್ ಸಂಧಿಯನ್ನು ರೂಪಿಸಿದರು. ಮರುವರ್ಷ ಸ್ಪೇನಿನ ದೊರೆ 4ನೆಯ ಫಿಲಿಪ್ ತನ್ನ ಮಗಳು ಮರಿಯಾ ತೆರೇಸಾಳನ್ನು 14ನೆಯ ಲೂಯಿಗೆ ಒಪ್ಪಿಸಿಕೊಟ್ಟುದೂ ಇಲ್ಲಿಯೇ. ಮರಗಳ ನಡುವಣ ಕಲ್ಲಿನ ಸ್ಮಾರಕ ಆ ಸಂಧಿಯ ನೆನಪಿಗೆ ನಿಂತದ್ದು. ದ್ವೀಪವು ಉಭಯರ ಅವಿಭಕ್ತ ಸ್ವತ್ತೆಂಬುದನ್ನು 1856ರ ಬಯೋನ್ ಒಪ್ಪಂದವು ಸ್ಥಿರಪಡಿಸಿತು. ಆರಾರು ತಿಂಗಳ ಸರದಿಯನ್ನು 1901ರ ಒಡಂಬಡಿಕೆಯು ನಿಯಮಿಸಿತು.

ಬೇರೆಡೆಗಳಲ್ಲಿ ಗಡಿಯೆಂಬುದು ದೇಶದಲ್ಲಿ ಎಳೆದ ರೇಖೆ. ಇಲ್ಲಿಯದಾದರೋ ಕಾಲದಲ್ಲಿ ಎಳೆದದ್ದು. ಜುಲೈ ಕಳೆದು ಆಡಳಿತ ಕೈಬದಲಿಸುವಾಗ ದಡದ ಒಂದು ಕಲ್ಲೂ ಕದಲುವುದಿಲ್ಲ, ನದಿಯ ಹರಿವು ತಿರುಗುವುದಿಲ್ಲ. ಎರಡು ಜನಾಂಗಗಳು ಪರಸ್ಪರ ಕೊಟ್ಟ ಮಾತು ಮಾತ್ರ ಮತ್ತೊಮ್ಮೆ ನಡೆಯುತ್ತದೆ. ಆದುದರಿಂದ ಗಡಿಯನ್ನು ಬರಿಯ ಭ್ರಾಂತಿಯೆಂದು ತಳ್ಳಿಹಾಕುವುದು ಸಲ್ಲದು. ಮಾತಿಗೆ ಎಷ್ಟು ಸತ್ಯವುಂಟೋ ಅದಕ್ಕೂ ಅಷ್ಟು ಸತ್ಯವುಂಟು. ಮರಳಿ ಒಪ್ಪಿಸಬೇಕಾದ ದಿನವನ್ನು ಬಲ್ಲವನ ಕೈಯಲ್ಲಿ ನೆಲವು ನ್ಯಾಸವಾಗುತ್ತದೆ, ಮಮಕಾರಕ್ಕೆ ಬೇರೂರಲು ಎಡೆ ಸಾಲದು.

ಯಾರೂ ವಾಸಿಸದ ನಡುಗಡ್ಡೆಯಲ್ಲಿ ಇಂತಹ ಔದಾರ್ಯ ಸುಲಭವೆಂದು ಆಕ್ಷೇಪಿಸಬಹುದು, ಮತ್ತು ಆ ಆಕ್ಷೇಪ ನ್ಯಾಯವಾದುದೇ. ನಮ್ಮ ಕೂಚ್ ಬಿಹಾರದ ಸುತ್ತ, ಭಾರತ ಬಾಂಗ್ಲಾದೇಶಗಳು ಒಂದರೊಡಲೊಳಗೊಂದು ಸೇರಿಕೊಂಡಿದ್ದ ಛಿಟ್‌ಮಹಲುಗಳಲ್ಲಿ, ಐವತ್ತು ಸಾವಿರಕ್ಕೂ ಮಿಗಿಲಾದ ಜನ ತಮ್ಮ ದೇಶವನ್ನು ಸೇರಲು ಪರದೇಶವನ್ನು ದಾಟಬೇಕಾಗಿದ್ದು, ಶಾಲೆ, ಆಸ್ಪತ್ರೆ, ನ್ಯಾಯಸ್ಥಾನಗಳ ಆಸರೆಯಿಲ್ಲದೆ ದಶಕಗಳನ್ನು ಕಳೆದರು. 1974ರಲ್ಲಿ ಕೊಟ್ಟ ಮಾತು 2015ರ ಜುಲೈ 31ರ ಮಧ್ಯರಾತ್ರಿ ನೆರವೇರಿ ಇಂತಹ 162 ತುಣುಕುಗಳು ವಿನಿಮಯಗೊಂಡಾಗ, ಭಾರತವು ಸುಮಾರು 17,160 ಎಕರೆಯನ್ನು ಬಿಟ್ಟುಕೊಟ್ಟು 7,110 ಎಕರೆಯನ್ನು ಪಡೆಯಿತು. ಯಾವ ದೇಶದ ಪ್ರಜೆಗಳಾಗಿರಬೇಕೆಂಬ ಆಯ್ಕೆ ಅಲ್ಲಿಯ ನಿವಾಸಿಗಳಿಗೇ ಉಳಿಯಿತು.

ಲೆಕ್ಕದಲ್ಲಿ ನಷ್ಟವಾಗಿ ತೋರುವ ಈ ಕಾರ್ಯದಲ್ಲಿಯೇ ನಾನು ಬಯಸಿದ ಸಮನ್ವಯ ಕಾಣುತ್ತದೆ. ಭೂಮಿ ಭಗವಂತನದೆಂದು ನಿಜವಾಗಿ ನಂಬಿದವರು ತಮ್ಮ ಪಾಲಿನ ಗಡಿಯನ್ನು ಅದರೊಳಗೆ ಬಾಳುವವರ ಕ್ಷೇಮದಿಂದಲೇ ಅಳೆಯಬೇಕು. ನೆಲವನ್ನು ತಾಯಿಯೆಂದು ಪೂಜಿಸುವ ಭಕ್ತಿ ದೊಡ್ಡದು, ಅವಳ ಮಕ್ಕಳಿಗಾಗಿ ಒಂದಿಷ್ಟು ನೆಲವನ್ನು ಬಿಟ್ಟುಕೊಡಬಲ್ಲ ತ್ಯಾಗ ಅದಕ್ಕಿಂತಲೂ ದೊಡ್ಡ ಆಸ್ತಿಕ್ಯ.