ಪರದೆ ಎತ್ತುವವರು

ಹಿತ್ತಲಲ್ಲಿ ಹಸಿರುಮನೆ ಕಟ್ಟಿಕೊಡು ಎಂದು ಅಮ್ಮ ನನ್ನನ್ನು ಯಾವತ್ತೂ ಕೇಳಿರಲಿಲ್ಲ. ಮುಂದೆ ಹೇಳಲಿರುವುದಕ್ಕೆಲ್ಲ ಈ ಸಂಗತಿ ಮುಖ್ಯ, ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ. ಅವಳು ಹೇಳಿದ್ದು ಇಷ್ಟೇ: ಮಳೆಗಾಲದಲ್ಲಿ ಒಂದು ಟೊಮೆಟೊ ಗಿಡ ಉಳಿಯುವುದಿಲ್ಲ ನೋಡು. ಅದು ದೂರೂ ಅಲ್ಲ, ಬೇಡಿಕೆಯೂ ಅಲ್ಲ. ಸಾಗರದ ಕಡೆಯ ನಮ್ಮಂಥ ಹಳ್ಳಿಗಳಲ್ಲಿ ಆರಿದ್ರಾ ಮಳೆ ಹಿಡಿಯಿತೆಂದರೆ ಅಡುಗೆಮನೆಯ ಲೆಕ್ಕಾಚಾರವೇ ಬೇರೆ. ಕೆಸುವಿನ ಸೊಪ್ಪು, ಕಳಲೆ, ಉಪ್ಪಿನಲ್ಲಿಟ್ಟ ಹಲಸಿನ ಸೊಳೆ, ಬೇಸಿಗೆಯಲ್ಲಿ ಮಾಡಿಟ್ಟ ಹಪ್ಪಳ. ಚಪ್ಪರಕ್ಕೆ ಹಬ್ಬಿಸಿದ ಸೌತೆ, ಹೀರೆಗಳು ಮಳೆಯನ್ನು ಹೇಗೋ ತಡೆದುಕೊಳ್ಳುತ್ತವೆ. ಟೊಮೆಟೊ ತಡೆಯುವುದಿಲ್ಲ. ಎಲೆ ಒದ್ದೆಯಾಗಿಯೇ ಇದ್ದರೆ ಅಂಗಮಾರಿ ಬರುತ್ತದೆ, ಕಂದು ಮಚ್ಚೆ ಹಬ್ಬುತ್ತದೆ, ಕೆಲವೇ ದಿನಗಳಲ್ಲಿ ಗಿಡ ಸುಟ್ಟಂತೆ ನಿಲ್ಲುತ್ತದೆ. ಅಮ್ಮ ಇದನ್ನು ಮಳೆಗಾಲದ ಸ್ವಭಾವವೆಂದು ಎಂದೋ ಒಪ್ಪಿಕೊಂಡಿದ್ದಳು.

ನಾನು ಒಪ್ಪಿಕೊಳ್ಳಲಿಲ್ಲ. ಪ್ರಬಂಧದ ಮೂರನೆಯ ಅಧ್ಯಾಯ ಮುಂದೆ ಹೋಗದೆ ಮನೆಗೆ ಬಂದು ಕೂತಿದ್ದ ದಿನಗಳವು. ಕೈಗೆ ಬೇರೆ ಕೆಲಸ ಬೇಕಾಗಿತ್ತು. ಹತ್ತಡಿ ಅಗಲ, ಇಪ್ಪತ್ತಡಿ ಉದ್ದ. ಕಂಬಕ್ಕೆ ಅಡಿಕೆ ಮರ, ಅಡ್ಡಕ್ಕೆ ದಬ್ಬೆ, ಮೇಲೆ ಬಿಸಿಲಿಗೆ ಬೇಗ ಹರಿಯದ 200 ಮೈಕ್ರಾನಿನ ಪ್ಲಾಸ್ಟಿಕ್ ಹಾಳೆ. ಮಾಡನ್ನು ಸಾಕಷ್ಟು ಇಳಿಜಾರು ಮಾಡದ್ದರಿಂದ ಮೊದಲ ದೊಡ್ಡ ಮಳೆಗೆ ಹಾಳೆಯ ಮೇಲೆ ನೀರು ನಿಂತು ಎಮ್ಮೆಯ ಕೆಚ್ಚಲಿನಂತೆ ಜೋತುಬಿತ್ತು, ಬೆಳಗಿನ ಹೊತ್ತಿಗೆ ಹರಿದಿತ್ತು. ಎರಡನೆಯ ಸಲ ನಡುವಿನ ಕಂಬಗಳನ್ನು ಎತ್ತರಿಸಿದೆ. ಪಕ್ಕಗಳಿಗೆ ಕೀಟ ಬಾರದ ಹಾಗೆ ಬಲೆ, ಬಲೆಯ ಹೊರಗೆ ಸುತ್ತಿ ಮೇಲೆತ್ತಬಹುದಾದ ಪ್ಲಾಸ್ಟಿಕ್ ಪರದೆ. ಎರಚಲು ಬಂದಾಗ ಇಳಿಸಬೇಕು, ಬಿಸಿಲು ಬಂದಾಗ ಎತ್ತಬೇಕು. ಈ ಪರದೆಯನ್ನು ನೆನಪಿಟ್ಟುಕೊಳ್ಳಿ.

ಒಳಗೆ ಚೀಲಗಳಲ್ಲಿ ಮೂವತ್ತು ಗಿಡ. ಆಷಾಢದ ಜಡಿಮಳೆ ಹೊರಗೆ ಹುಯ್ಯುತ್ತಿರುವಾಗ ಒಣಗಿದ ಮಣ್ಣಿನ ವಾಸನೆಯ ನಡುವೆ ನಿಂತು ಗಿಡಗಳಿಗೆ ನೀರು ಹಾಕುವುದು ವಿಚಿತ್ರ ಅನುಭವ. ಸುತ್ತ ಜಗತ್ತೆಲ್ಲ ನೀರು, ನಾನು ಬಕೆಟ್ ಹಿಡಿದು ನಿಂತಿದ್ದೇನೆ! ಅಮ್ಮ ಅದನ್ನು ನೋಡಿ ನಕ್ಕಿದ್ದಳು. ಆ ನಗುವಿನಲ್ಲಿ ಒಂದು ವಾದವಿತ್ತು ಎಂದು ಈಗ ಅನ್ನಿಸುತ್ತದೆ.

ನೀರು ಬರೀ ಮೊದಲನೆಯದು. ಹೂ ಬಿಟ್ಟವು, ಕಾಯಿ ಕಚ್ಚಲಿಲ್ಲ. ಟೊಮೆಟೊ ಹೂವಿಗೆ ಇನ್ನೊಂದು ಗಿಡದ ಪರಾಗ ಬೇಕಿಲ್ಲ, ಆದರೆ ಅಲುಗಾಟ ಬೇಕು. ಅದರ ಪರಾಗ ಕೊಳವೆಯಂಥ ಕೇಸರಗಳ ಒಳಗಿರುತ್ತದೆ, ಹೂವನ್ನು ನಡುಗಿಸಿದರೆ ತುದಿಯಿಂದ ಉದುರುತ್ತದೆ. ಬಯಲಿನಲ್ಲಿ ಆ ಕೆಲಸವನ್ನು ಗಾಳಿ ಮಾಡುತ್ತದೆ. ಹೂವಿಗೆ ಜೋತುಬಿದ್ದು ಮೈ ಝೇಂಕರಿಸುವ ನೀಲಿಪಟ್ಟೆಯ ಜೇನ್ನೊಣದಂಥವು ಇನ್ನೂ ಚೆನ್ನಾಗಿ ಮಾಡುತ್ತವೆ. ನಾನು ಗಾಳಿಯನ್ನೂ ತಡೆದಿದ್ದೆ, ಬಲೆ ಕಟ್ಟಿ ನೊಣವನ್ನೂ ಹೊರಗಿಟ್ಟಿದ್ದೆ. ಹಾಗಾಗಿ ದಿನಾ ಬೆಳಿಗ್ಗೆ ಹತ್ತರ ಸುಮಾರಿಗೆ ಬ್ಯಾಟರಿಯ ಹಲ್ಲುಜ್ಜುವ ಬ್ರಷ್ ಹಿಡಿದು ಒಂದೊಂದೇ ಹೂಗೊಂಚಲಿನ ತೊಟ್ಟಿಗೆ ತಾಗಿಸುತ್ತ ಹೋಗುತ್ತಿದ್ದೆ. ಮಳೆಯ ಕೆಲಸ ನನ್ನದಾಗಿತ್ತು, ಗಾಳಿಯ ಕೆಲಸ ನನ್ನದಾಗಿತ್ತು, ಈಗ ನೊಣದ ಕೆಲಸವೂ. ಜಗತ್ತು ಯಾರನ್ನೂ ಕೇಳದೆ ಮಾಡಿಕೊಂಡು ಬಂದ ಕೆಲಸಗಳು ಒಂದೊಂದಾಗಿ ನನ್ನ ಹೆಸರಿಗೆ ಖಾತೆಯಾಗುತ್ತಿದ್ದವು. ಆಗಸ್ಟಿನಲ್ಲಿ ಹಣ್ಣು ಬಂತು. ನೆರೆಯವರು ಕೊಡೆ ಹಿಡಿದು ನೋಡಲು ಬಂದರು. ನಾನು ಬೀಗಿದೆ.

ಹಸಿರುಮನೆ ಹೇಗೆ ಬಿಸಿಯಾಗುತ್ತದೆ ಎಂಬುದಕ್ಕೆ ಶಾಲೆಯಲ್ಲಿ ಕಲಿತ ಉತ್ತರ ನಮಗೆಲ್ಲ ಗೊತ್ತು. ಬೆಳಕು ಗಾಜಿನ ಮೂಲಕ ಒಳಗೆ ಬರುತ್ತದೆ, ಒಳಗಿನ ಶಾಖದ ಕಿರಣ ಹೊರಗೆ ಹೋಗಲಾರದು. ಅಮೆರಿಕದ ಭೌತವಿಜ್ಞಾನಿ ಆರ್.ಡಬ್ಲ್ಯೂ. ವುಡ್ 1909ರಲ್ಲಿ ಎರಡು ಪುಟ್ಟ ಪೆಟ್ಟಿಗೆಗಳನ್ನು ಮಾಡಿ ಇದನ್ನು ಪರೀಕ್ಷಿಸಿದ. ಒಂದರ ಮುಚ್ಚಳ ಗಾಜು, ಇನ್ನೊಂದರದು ಶಾಖದ ಕಿರಣವನ್ನು ತಡೆಯದೆ ಬಿಡುವ ಕಲ್ಲುಪ್ಪಿನ ಹಲಗೆ. ಎರಡೂ ಹೆಚ್ಚುಕಡಿಮೆ ಒಂದೇ ಸಮ ಬಿಸಿಯಾದವು. ಅಂದರೆ ಪೆಟ್ಟಿಗೆಯನ್ನು ಬಿಸಿಯಾಗಿಡುವುದು ಬಹುಮಟ್ಟಿಗೆ ಕಿರಣದ ಬಂಧನವಲ್ಲ, ಗಾಳಿಯ ಬಂಧನ. ಬಿಸಿಯಾದ ಗಾಳಿ ಮೇಲೇರಿ ಹೊರಟುಹೋಗಿ ಅದರ ಜಾಗಕ್ಕೆ ತಂಪು ಗಾಳಿ ಬರುವುದನ್ನು ಮಾಡು ತಡೆಯುತ್ತದೆ. (ವಾತಾವರಣದ ಕತೆ ಬೇರೆ; ಅಲ್ಲಿ ಕಿರಣವೇ ಮುಖ್ಯ. ಹೆಸರು ಮಾತ್ರ ನಮ್ಮ ಹಿತ್ತಲಿನಿಂದ ಹೋಗಿದೆ.) ಚಳಿಯ ದೇಶದಲ್ಲಿ ಈ ಬಂಧನವೇ ವರ. ನಮ್ಮ ಮಲೆನಾಡಿನಲ್ಲಿ ನಮಗೆ ಬೇಕಾದದ್ದು ಮಳೆಗೊಂದು ಕೊಡೆ, ಅಷ್ಟೇ. ಆದರೆ ಕೊಡೆಯ ಜೊತೆಗೆ ಒಲೆಯೂ ಬಂದುಬಿಡುತ್ತದೆ, ಮಳೆ ಇರುವಷ್ಟು ದಿನ ಅದು ಉರಿಯುವುದಿಲ್ಲ ಎಂದಷ್ಟೆ.

ಅಕ್ಟೋಬರ್, ಚಿತ್ತೆ ಮಳೆಯ ಕಾಲ. ವಿಶ್ವವಿದ್ಯಾಲಯಕ್ಕೆ ನಾಲ್ಕು ದಿನ ಹೋಗಬೇಕಾಗಿತ್ತು. ಹಿಂದಿನ ರಾತ್ರಿ ಗುಡುಗು, ಎರಚಲು. ಪರದೆಗಳನ್ನೆಲ್ಲ ಇಳಿಸಿ ಕಟ್ಟಿದ್ದೆ. ಬೆಳಿಗ್ಗೆ ಬಸ್ಸಿಗೆ ಓಡುತ್ತ ದಣಪೆಯ ಹತ್ತಿರದಿಂದ ಕೂಗಿದೆ: “ಬಿಸಿಲು ಬಂದ್ರೆ ಪರದೆ ಎತ್ತಮ್ಮಾ.” ಒಳಗಿನಿಂದ “ಹೂಂ” ಎಂದು ಕೇಳಿಸಿತು.

ಹಿಂದಿರುಗಿದಾಗ ಮೂವತ್ತೂ ಗಿಡ ಬೆಂದಿದ್ದವು. ಬತ್ತಿದ್ದಲ್ಲ, ಬೆಂದದ್ದು. ಮಳೆ ಬಿಟ್ಟು ಮೂರು ದಿನ ಸುಡುವ ಬಿಸಿಲು ಬಿದ್ದಿತ್ತು. ಪರದೆ ಇಳಿಸಿದ್ದು ಇಳಿಸಿದಂತೆಯೇ ಇತ್ತು. ನನ್ನ ಬಾಯಿಂದ ಬಂದ ಮೊದಲ ಮಾತು, “ಒಂದು ಪರದೆ ಎತ್ತೋಕೆ ಆಗ್ಲಿಲ್ವಾ?”

ಅಮ್ಮ ತಿರುಗಿ ಮಾತಾಡಲಿಲ್ಲ. ಅಂದು ಕೊನೆಗಾರ ಬಂದಿದ್ದ. ಅವನು ಸಿಗುವುದೇ ಕಷ್ಟ. ಬೆಳಗಿನಿಂದ ತೋಟದಲ್ಲಿ, ಮಧ್ಯಾಹ್ನ ಆಳುಗಳಿಗೆ ಊಟ, ರಾತ್ರಿ ಅಡಿಕೆ ಸುಲಿಯುವುದು. ಇದನ್ನು ಅವಳು ಹೇಳಿದ್ದಲ್ಲ, ಅಂಗಳದ ಅಡಿಕೆ ರಾಶಿ ಹೇಳಿತು.

ಯಾರ ತಪ್ಪು? ತತ್ತ್ವಶಾಸ್ತ್ರ ಓದುವವರಿಗೆ ಇಂಥ ಪ್ರಶ್ನೆಗೆ ಸಲಕರಣೆಗಳು ಬೇಕಾದಷ್ಟು ಸಿಗುತ್ತವೆ. ಬರ್ನಾರ್ಡ್ ವಿಲಿಯಮ್ಸ್ ‘ನೈತಿಕ ಅದೃಷ್ಟ’ದ ಕುರಿತ ತನ್ನ ಲೇಖನದಲ್ಲಿ ಒಬ್ಬ ಲಾರಿ ಚಾಲಕನನ್ನು ತರುತ್ತಾನೆ. ತನ್ನ ತಪ್ಪೇನೂ ಇಲ್ಲದೆ ಅವನ ಲಾರಿಗೆ ಒಂದು ಮಗು ಸಿಕ್ಕಿ ಸಾಯುತ್ತದೆ. ನೋಡಿದವರೆಲ್ಲ ಮರುಗುತ್ತಾರೆ, ಆದರೆ ಚಾಲಕನ ಸಂಕಟ ಬೇರೆಯದು. ಅದು ಮಾಡಿದವನ ಸಂಕಟ. ಅವನಿಗೆ ಆ ಸಂಕಟ ಆಗದೇ ಹೋದರೆ ನಮಗೆ ಅವನ ಬಗ್ಗೆ ಅನುಮಾನ ಬರುತ್ತದೆ. ಟೊಮೆಟೊ ಗಿಡವನ್ನು ಮಗುವಿಗೆ ಹೋಲಿಸುವ ದುಡುಕು ನನಗಿಲ್ಲ. ನನಗೆ ಹಿಡಿಸುವುದು ಅದರ ಆಕಾರ. ಹೊರಗಿನ ಗಿಡ ಮಳೆಗೆ ಸತ್ತರೆ ಅದು ನೋಡಿದವರ ಮರುಕ. ಮಾಡಿನ ಕೆಳಗಿನ ಗಿಡ ಸತ್ತರೆ ಅಲ್ಲಿ ಮಾಡಿದವರೊಬ್ಬರು ಇದ್ದೇ ಇರುತ್ತಾರೆ. ಬೆಟ್ಟದ ಮೇಲಿನ ಮರವನ್ನು ದೇವರ ಪಾಲಿಗೆ ಬಿಟ್ಟ ಕನಕದಾಸರ ಕೀರ್ತನೆ ನಮ್ಮಲ್ಲಿ ಎಲ್ಲರಿಗೂ ಪರಿಚಿತ. ಪ್ಲಾಸ್ಟಿಕ್ಕಿನ ಕೆಳಗಿನ ಗಿಡವನ್ನು ಹಾಗೆ ದೇವರ ಲೆಕ್ಕಕ್ಕೆ ಬರೆಯಲಾಗದು. ಆಶ್ರಯ ಕೊಟ್ಟ ಕ್ಷಣದಲ್ಲೇ ದುರದೃಷ್ಟವೆಂಬ ಸುಲಭದ ಪದವನ್ನು ನಾವು ಕಳೆದುಕೊಳ್ಳುತ್ತೇವೆ.

ಈ ವಿಷಯದಲ್ಲಿ ನನಗೆ ಇಷ್ಟವಾದವನು ನಥಾನಿಯಲ್ ವಾರ್ಡ್ ಎಂಬ ಲಂಡನ್ನಿನ ವೈದ್ಯ. ಕಲ್ಲಿದ್ದಲ ಹೊಗೆಗೆ ಅವನ ತೋಟದ ಜರೀಗಿಡಗಳು ಸಾಯುತ್ತಿದ್ದವು. 1829ರ ಹೊತ್ತಿಗೆ ಪತಂಗದ ಗೂಡೊಂದನ್ನು ಹಸಿಮಣ್ಣಿನ ಜೊತೆ ಬಾಟಲಿಯಲ್ಲಿಟ್ಟು ಮುಚ್ಚಿದಾಗ ಆ ಮಣ್ಣಿನಲ್ಲಿ ಜರೀಗಿಡ ತಾನಾಗಿ ಹುಟ್ಟಿದ್ದನ್ನು ಕಂಡ. ಒಳಗಿನ ತೇವವೇ ಆವಿಯಾಗಿ ಗಾಜಿಗಂಟಿ ಮತ್ತೆ ಮಣ್ಣಿಗಿಳಿಯುತ್ತಿತ್ತು. ಅವನ ಮುಚ್ಚಿದ ಗಾಜಿನ ಪೆಟ್ಟಿಗೆಗಳು 1833ರಲ್ಲಿ ಹಡಗಿನಲ್ಲಿ ಸಿಡ್ನಿಗೆ ಹೊರಟವು, ತಲುಪಿದಾಗ ಗಿಡಗಳು ಬದುಕಿದ್ದವು. ಅಂಥ ಪೆಟ್ಟಿಗೆಗಳಲ್ಲೇ ಮುಂದೆ ಚೀನಾದ ಚಹಾ ಗಿಡ ಹಿಮಾಲಯದ ತಪ್ಪಲಿಗೆ ಬಂತು. ಒಂದು ಸಾಮ್ರಾಜ್ಯದ ಕತೆ ಅದರೊಳಗಿದೆ, ಇಲ್ಲಿ ಬೇಡ. ಯಾರ ಆರೈಕೆಯನ್ನೂ ಬೇಡದ ಆಶ್ರಯ, ಎಂಥ ಆಸೆ! ಆದರೆ ಮೊದಲ ಬಾಟಲಿಯ ಗತಿ ಏನಾಯಿತೆಂದು ವಾರ್ಡನೇ ಬರೆದಿಟ್ಟಿದ್ದಾನೆ. ಸುಮಾರು ನಾಲ್ಕು ವರ್ಷ ಆ ಗಿಡ ಬದುಕಿತು. ಮುಚ್ಚಳ ತುಕ್ಕು ಹಿಡಿದು ಮಳೆನೀರು ಒಳನುಗ್ಗಿ ಸತ್ತಿತು, ಅವನು ಮನೆಯಲ್ಲಿ ಇಲ್ಲದಾಗ.

ಆ ಕೊನೆಯ ಮಾತನ್ನು ಅವನು ಯಾಕೆ ಸೇರಿಸಿದ? ಸಮರ್ಥನೆಯೋ, ತಪ್ಪೊಪ್ಪಿಗೆಯೋ? ನಾನು ಮನೆಯಲ್ಲಿರಲಿಲ್ಲ ಎಂಬ ವಾಕ್ಯ ಎರಡೂ ಆಗಬಲ್ಲದು. ನಾನೂ ಅದನ್ನು ನೆರೆಯವರ ಎದುರು ಒಂದು ದನಿಯಲ್ಲಿ, ನನ್ನೊಳಗೆ ಇನ್ನೊಂದು ದನಿಯಲ್ಲಿ ಹೇಳಿಕೊಂಡಿದ್ದೇನೆ. ವಾರ್ಡನಿಗೆ ಇಲ್ಲದ ಒಂದು ಸೌಕರ್ಯ ನನಗಿತ್ತು, ದೂರಲು ಒಬ್ಬರಿದ್ದರು.

ಆ “ಹೂಂ” ಎಂಬುದರ ಬಗ್ಗೆ ಬಹಳ ಯೋಚಿಸಿದ್ದೇನೆ. ಮಾತು ಕೊಡುವುದು ಎಂದರೇನು ಎಂಬುದರ ಮೇಲೆ ಪುಸ್ತಕಗಳಿವೆ. ಕೇಳಿದ್ದಕ್ಕೆ ಹೂಂ ಎಂದರೆ ಹೊಣೆ ವರ್ಗಾವಣೆಯಾಯಿತು ಎನ್ನಬಹುದು. ಆದರೆ ಅಮ್ಮನ ದಿನದಲ್ಲಿ ಹೂಂ ಎಂಬುದು ಉಸಿರಿನಷ್ಟೇ ಸಾಮಾನ್ಯ. ಹಾಲು ಉಕ್ಕುತ್ತಿದೆ ಎಂದರೂ ಹೂಂ, ಕರು ಬಿಚ್ಚಿಕೊಂಡಿದೆ ಎಂದರೂ ಹೂಂ. ಮನೆಯ ಪ್ರತಿಯೊಂದು ಜೀವವೂ ಅವಳ ಮೇಲೆ ಮೊದಲೇ ಒರಗಿದೆ. ಅದರ ಮೇಲೆ ನಾನು ಮೂವತ್ತು ಜೀವಗಳನ್ನು ಇಟ್ಟು, ಅದಕ್ಕೆ ಉಡುಗೊರೆ ಎಂದು ಹೆಸರಿಟ್ಟು, ಬಸ್ಸು ಹತ್ತಿದ್ದೆ.

ಶರಣು ಬಂದ ಪಾರಿವಾಳವನ್ನು ಕಾಯ್ದ ಶಿಬಿಯ ಕತೆಯನ್ನು ಚಿಕ್ಕಂದಿನಲ್ಲಿ ತ್ಯಾಗದ ಕತೆಯೆಂದು ಓದಿದ್ದೆವು. ಈಗ ಅದರಲ್ಲಿ ನನಗೆ ಗಿಡುಗನೇ ಹೆಚ್ಚು ಕಾಣುತ್ತಾನೆ. ನೀನು ಇದನ್ನು ಕಾಯ್ದರೆ ಅದರ ಬೆಲೆಯನ್ನು ಹಸಿದ ನಾನು ಯಾಕೆ ತೆರಬೇಕು ಎಂದು ಅವನು ಕೇಳುತ್ತಾನೆ. ನ್ಯಾಯವಾದ ಪ್ರಶ್ನೆ. ಶಿಬಿಯ ದೊಡ್ಡತನವಿರುವುದು ಪಾರಿವಾಳವನ್ನು ಕಾಯ್ದದ್ದರಲ್ಲಿ ಅಷ್ಟಲ್ಲ, ಆ ಪ್ರಶ್ನೆಯನ್ನು ಕೇಳಿಸಿಕೊಂಡು ತಕ್ಕಡಿ ತರಿಸಿದ್ದರಲ್ಲಿ. ಅವನು ತನ್ನದೇ ಮೈಯಿಂದ ಕೊಯ್ದು ತಕ್ಕಡಿಗಿಟ್ಟ. ನಾನು ಕೊಯ್ದದ್ದು ಅಮ್ಮನ ದಿನದಿಂದ.

ಇದನ್ನು ಗೆಳೆಯರೊಬ್ಬರಿಗೆ ಹೇಳಿದಾಗ, ಇಷ್ಟಕ್ಕೆಲ್ಲ ನೀತಿಶಾಸ್ತ್ರ ಯಾಕೆ, ಶಾಖ ಏರಿದರೆ ತಾನೇ ಪರದೆ ಸುತ್ತುವ ಮೋಟಾರು ಸಿಗುತ್ತದಲ್ಲ ಎಂದರು. ಸಿಗುತ್ತದೆ. ಗುಡುಗಿದರೆ ಕರೆಂಟು ಹೋಗುವ ಊರಿನಲ್ಲಿ ಮೋಟಾರನ್ನು ನೋಡಿಕೊಳ್ಳುವವರು ಯಾರು ಎಂದು ಕೇಳಿದೆ. ಇನ್ನೊಬ್ಬರ ಆಕ್ಷೇಪಣೆ ಗಟ್ಟಿಯಾಗಿತ್ತು: ಕೃಷಿಯೆಂದರೆ ಎಲ್ಲವೂ ಆಶ್ರಯವೇ, ಭತ್ತದ ಸಸಿಮಡಿ ಆಶ್ರಯವಲ್ಲವೇ? ಹೌದು. ಆದರೆ ಸಸಿಮಡಿಗೆ ಒಂದು ಕೊನೆಯ ದಿನವಿದೆ, ಸಸಿ ಗದ್ದೆಗೆ ಹೋಗಬೇಕು. ನೆರಳಿನಲ್ಲಿ ಬೆಳೆಸಿದ ತರಕಾರಿ ಸಸಿಯನ್ನೂ ನಾಟಿಗೆ ಮೊದಲು ಒಂದು ವಾರ ಹತ್ತು ದಿನ ಸ್ವಲ್ಪಸ್ವಲ್ಪವಾಗಿ ಹೊರಗಿಟ್ಟು, ನೀರು ತಗ್ಗಿಸಿ ಹದಗೊಳಿಸುತ್ತಾರೆ. ಗಾಳಿಗೆ ಅಲುಗಾಡಿದ ಕಾಂಡ ಗಿಡ್ಡವಾಗುತ್ತದೆ, ದಪ್ಪವಾಗುತ್ತದೆ. ಆ ಆಶ್ರಯ ತನ್ನನ್ನು ತಾನು ಮುಗಿಸಿಕೊಳ್ಳುವ ದಾರಿಯಲ್ಲೇ ಇರುತ್ತದೆ. ನನ್ನ ಮೂವತ್ತು ಗಿಡಗಳಿಗೆ ಹೊರಹೋಗುವ ದಿನವೇ ಇರಲಿಲ್ಲ. ಅಂಥ ಆಶ್ರಯ ಕೊಡಬಾರದು ಎಂದು ನಾನು ಹೇಳುತ್ತಿಲ್ಲ. ಮುದುಕರಿಗೆ, ರೋಗಿಗಳಿಗೆ ಕೊಡುವುದು ಅಂಥದ್ದೇ. ಕೊಡುವ ಮೊದಲು ಪರದೆ ಎತ್ತುವವರು ಯಾರು ಎಂದು ಕೇಳಬೇಕಿತ್ತು, ಮತ್ತು ಉತ್ತರಕ್ಕೆ ಕಾಯಬೇಕಿತ್ತು, ದಣಪೆಯಿಂದ ಕೂಗಿ ಓಡದೆ.

ಅಮ್ಮನ ಕ್ಷಮೆ ಕೇಳಿದೆ. “ಗಿಡಕ್ಕೋ ನಂಗೋ?” ಎಂದಳು.

ಚೀಲಗಳನ್ನು ಖಾಲಿ ಮಾಡಿದ ಮೇಲೆ ಆ ಮನೆ ಎರಡು ವಾರ ಹಾಗೇ ನಿಂತಿತ್ತು. ಬಿಚ್ಚಿಬಿಡಬೇಕೆಂದು ನಾನು ಕತ್ತಿ ಹಿಡಿದು ಹೋದಾಗ ಅಮ್ಮ ಒಳಗೆ ಕಾಲಿಟ್ಟು, ನಡುವೆ ನಿಂತು, ಸೆರಗಿನಿಂದ ಕುತ್ತಿಗೆ ಒರೆಸಿಕೊಂಡು, “ತಡಿ” ಎಂದಳು. ಮೋಡ ಕವಿದ ದಿನಗಳಲ್ಲಿ ಬೇಯಿಸಿದ ಅಡಿಕೆ ಒಣಗದೆ ಬೂಸಲು ಹಿಡಿಯುವುದು ಪ್ರತಿವರ್ಷದ ತಲೆನೋವು. ಮಾರನೆಯ ದಿನ ಅವಳೂ ಕೆಲಸದವರೂ ಸೇರಿ ಒಳಗೆ ಎರಡು ಸಾಲು ತಟ್ಟಿ ಕಟ್ಟಿದರು. ಗಿಡಗಳನ್ನು ಕೊಂದ ಶಾಖದಲ್ಲಿ ಅಡಿಕೆ ಚೆನ್ನಾಗಿ ಒಣಗಿತು.

ಟೊಮೆಟೊ ಈಗ ಬಚ್ಚಲ ನೀರು ಹರಿಯುವ ಕಡೆ ಇದೆ. ಯಾರೂ ನೆಟ್ಟದ್ದಲ್ಲ, ಪಾತ್ರೆ ತೊಳೆದ ನೀರಿನ ಜೊತೆ ಹೋದ ಬೀಜ. ಗೋಲಿಯಷ್ಟು ಗಾತ್ರದ ಹುಳಿ ಹಣ್ಣು. ಬರುವ ಆರಿದ್ರೆಗೆ ಅದು ಸಾಯುತ್ತದೆ, ಅಮ್ಮನಿಗೆ ಗೊತ್ತು. ಮೊನ್ನೆ ಊರಿಗೆ ಹೋಗಿದ್ದಾಗ ಮಧ್ಯಾಹ್ನ ಮೂರನೆಯ ಅಧ್ಯಾಯ ತಿದ್ದುತ್ತ ಕೂತಿದ್ದೆ. ಹಿತ್ತಲಿನಿಂದ ಕೂಗಿದಳು: “ಹನಿ ಬಂತು, ಪರದೆ ಇಳಿಸು ಬಾ!” ನಾನು ಹೂಂ ಎಂದೆ, ಆಮೇಲೆ ನೆನಪಾಗಿ ಎದ್ದು ಓಡಿದೆ.