ಕಾಯಕವೂ ಹವ್ಯಾಸವೂ

ಹೊಟ್ಟೆಪಾಡಿಗಾಗಿ ಮಾಡುವ ದುಡಿಮೆಯು ಕಾಯಕ, ಅದು ಮುಗಿದ ಮೇಲೆ ಉಳಿದ ಹೊತ್ತನ್ನು ಕಳೆಯುವ ಬಗೆಯು ಹವ್ಯಾಸ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಈ ವಿಭಜನೆ ಎಷ್ಟರಮಟ್ಟಿಗೆ ಸಮಂಜಸವೆಂಬುದು ವಿಚಾರಣೀಯ. ಔರಾದ ಕಡೆಯ ವೃದ್ಧ ಭಕ್ತರೊಬ್ಬರು ಇತ್ತೀಚೆಗೆ ಭಾಲ್ಕಿಯಲ್ಲಿ ನಮ್ಮನ್ನು ಕಂಡು, "ಅಪ್ಪಾವರೇ, ಮಗ ಬೀದರ ಕಾಲೇಜಿನಾಗ ಫಿಜಿಕ್ಸ್ ಕಲಸ್ತಾನ. ರಾತ್ರಿ ಕಂಪ್ಯೂಟರ್ ಮುಂದ ಕೂತು ಯಾರೂ ಕೇಳದ ಪ್ರೋಗ್ರಾಂ ಬರೀತಾನ, ಇಲ್ಲಂದ್ರ ಚಿತ್ರ ತಗೀತಾನ. ಒಂದು ರೂಪಾಯಿ ಬರಂಗಿಲ್ಲ. ಇದಕ್ಕ ಕಾಯಕ ಅನ್ನಬೇಕೇನು?" ಎಂದು ಕೇಳಿದರು. ಪ್ರಶ್ನೆ ಸರಳವೆಂದು ತೋರಿದರೂ ಉತ್ತರ ಸರಳವಲ್ಲ.

ಬೀದರದ ಬಿದ್ರಿ ಕೆಲಸವನ್ನೇ ನೋಡಿರಿ. ಸತುವು ತಾಮ್ರಗಳ ಎರಕದ ಮೇಲೆ ಬೆಳ್ಳಿಯ ಎಳೆ ಕೂರಿಸಿ, ಕೋಟೆಯ ಮಣ್ಣಿನಿಂದ ಕಪ್ಪೇರಿಸುತ್ತಾರೆ. ಪಾತ್ರೆಯಲ್ಲಿ ನೀರು ನಿಲ್ಲಲು ಆ ಬೆಳ್ಳಿಯ ಬಳ್ಳಿ ಬೇಕಿಲ್ಲ. ಆದರೂ ಕೂಲಿ ದೊರೆಯುವುದರಿಂದ ಅದನ್ನು ಕಾಯಕವೆನ್ನುತ್ತೇವೆ. ಅದೇ ಕೈ ರಾತ್ರಿ ತನ್ನ ಸಂತೋಷಕ್ಕಾಗಿ ಅದೇ ಬಳ್ಳಿಯನ್ನು ಬಿಡಿಸಿದರೆ ಅದು ಕಾಲಹರಣವಾಗುವುದೇ?

ಸರ್ ಸಿ. ವಿ. ರಾಮನ್ ಅವರು 1907ರಿಂದ 1917ರವರೆಗೆ ಸರ್ಕಾರದ ಹಣಕಾಸು ಇಲಾಖೆಯ ಅಧಿಕಾರಿಗಳು. ಸಂಬಳ ಬರುತ್ತಿದ್ದುದು ಲೆಕ್ಕಪತ್ರಕ್ಕೆ. ಭೌತವಿಜ್ಞಾನವೋ, ಕಲ್ಕತ್ತೆಯ ಪ್ರಯೋಗಶಾಲೆಯೊಂದರಲ್ಲಿ ಕಚೇರಿಗೆ ಮುನ್ನ ಹಾಗೂ ಕಚೇರಿಯ ತರುವಾಯ ನಡೆದ ಖಾಸಗಿ ವ್ಯಾಸಂಗ. ಅಂದಿನ ಲೋಕದ ದೃಷ್ಟಿಯಲ್ಲಿ ಅವರ ವಿಜ್ಞಾನವೇ ಹವ್ಯಾಸವಾಗಿತ್ತು! ಮುಂದೆ ವಿಜ್ಞಾನವೇ ವೃತ್ತಿಯಾದಾಗಲೂ ಅವರು ಮೃದಂಗ, ತಬಲಾಗಳನ್ನು ಬಿಡಲಿಲ್ಲ. ಬರಿಯ ಚರ್ಮದ ವಾದ್ಯದಲ್ಲಿ ಉಪಸ್ವರಗಳು ಮೂಲಸ್ವರದೊಡನೆ ಹೊಂದುವುದಿಲ್ಲ. ನಡುವೆ ಮೆತ್ತಿದ ಕರಣೆಯ ಭಾರದಿಂದ ಅವು ಒಂದು, ಎರಡು, ಮೂರು ಎಂಬ ಪೂರ್ಣಾಂಕಗಳ ಕ್ರಮಕ್ಕೆ ಬರುತ್ತವೆ ಎಂಬುದನ್ನು 1920ರಲ್ಲಿ ಪ್ರಕಟಪಡಿಸಿದರು. ಹೆಸರರಿಯದ ವಾದ್ಯಕಾರರು ಕಿವಿಯಿಂದ ಸಾಧಿಸಿದ್ದಕ್ಕೆ ಇವರು ಗಣಿತವನ್ನು ಕೊಟ್ಟರು. ಇಳಿವಯಸ್ಸಿನಲ್ಲಿ ಬೆಂಗಳೂರಿನಲ್ಲಿ ಹೂಗಳ ಬಣ್ಣವನ್ನು ಕುರಿತು ಅಭ್ಯಾಸ ಮಾಡಿದರು. ಅದನ್ನು ಯಾರೂ ಅವರಿಗೆ ವಿಧಿಸಿರಲಿಲ್ಲ.

ಕಂಪ್ಯೂಟರಿನ ಮಾತಿಗೆ ಬರೋಣ. ಆಕ್ಸ್‌ಫರ್ಡಿನಲ್ಲಿ ಭೌತಶಾಸ್ತ್ರ ಓದಿದ ಟಿಮ್ ಬರ್ನರ್ಸ್-ಲೀ ಎಂಬವರು 1980ರಲ್ಲಿ ಜಿನೀವಾ ಸಮೀಪದ ಸರ್ನ್ ಸಂಸ್ಥೆಯಲ್ಲಿದ್ದಾಗ, ಯಾರು, ಯಾವುದು, ಯಾವುದರೊಡನೆ ಸಂಬಂಧಿಸಿದೆ ಎಂಬುದನ್ನು ನೆನಪಿಡಲು ತಮ್ಮ ಬಳಕೆಗಷ್ಟೇ ಒಂದು ಪ್ರೋಗ್ರಾಂ ಬರೆದುಕೊಂಡರು. ಆ ಬೀಜವೇ 1989ರ ಬಳಿಕ ವಿಶ್ವವ್ಯಾಪಿ ಜಾಲವಾಗಿ ಬೆಳೆಯಿತು. 1993ರಲ್ಲಿ ಸರ್ನ್ ಅದನ್ನು ಶುಲ್ಕವಿಲ್ಲದೆ ಸರ್ವರಿಗೂ ಬಿಟ್ಟುಕೊಟ್ಟಿತು. ನಮ್ಮ ನಾಡಿನಲ್ಲಿ ಕೆ. ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸವನ್ನೇ ಕನ್ನಡಕ್ಕೆ ಶಿಷ್ಟವೆಂದು ಸರ್ಕಾರ ಸ್ವೀಕರಿಸಿತು. ಇವುಗಳಿಗೆ ದಾಸೋಹವೆಂಬ ಹೆಸರು ಸಲ್ಲುತ್ತದೆಂದು ನಮ್ಮ ಅಭಿಪ್ರಾಯ.

ಆದರೆ ಇಲ್ಲಿ ಒಂದು ಅಪಾಯವುಂಟು. ಫಲ ಸಿಕ್ಕ ಹವ್ಯಾಸವನ್ನೇ ಎಣಿಸುತ್ತ ಹೋದರೆ, ಫಲವಿಲ್ಲದ್ದು ವ್ಯರ್ಥವೆಂದು ಹಿಂಬಾಗಿಲಿನಿಂದ ಒಪ್ಪಿಕೊಂಡಂತಾಗುವುದು. ಔರಾದಿನ ತರುಣನ ಪ್ರೋಗ್ರಾಂ ಎಂದೂ ಯಾರಿಗೂ ಒದಗದಿರಬಹುದು. ಅದರಿಂದ ಕಾಯಕಕ್ಕೆ ಕುಂದಿಲ್ಲ. ಕೇಳಬೇಕಾದ ಪ್ರಶ್ನೆ ಬೇರೆ: ಬೆಳಗಿನ ಪಾಠಕ್ಕೆ ಆತ ನಿದ್ದೆಗಣ್ಣಿನಲ್ಲಿ ಹೋಗುವನೇ? ಆತನ ರಾತ್ರಿಯ ಬಿಡುವಿಗಾಗಿ ಮನೆಯ ಹೆಣ್ಣುಮಗಳು ಎರಡಾಳಿನ ಕೆಲಸ ಮಾಡುತ್ತಿರುವಳೇ? ಬಿಡುವೆಂಬುದು ಒಬ್ಬರಿಗೆ ದೊರೆತರೆ ಅನೇಕ ವೇಳೆ ಇನ್ನೊಬ್ಬರಿಂದ ಕಿತ್ತದ್ದಾಗಿರುತ್ತದೆ. ವಿಜ್ಞಾನಿಗಳ ಚರಿತ್ರೆ ಬರೆಯುವವರು ಈ ಲೆಕ್ಕವನ್ನು ಇಡುವುದು ವಿರಳ.

ಇನ್ನೊಂದು ಭ್ರಮೆಯೂ ಇದೆ. ಕಲೆಯು ಮನುಷ್ಯನನ್ನು ತಾನಾಗಿ ಶುದ್ಧಗೊಳಿಸುವುದೆಂದು ಹಲವರು ನಂಬುತ್ತಾರೆ. ತುಮಕೂರು ಜಿಲ್ಲೆಯಲ್ಲಿ 1925ರಲ್ಲಿ ಜನಿಸಿದ ಡಾ. ರಾಜಾ ರಾಮಣ್ಣ ಅವರು ಪಿಯಾನೋ ವಾದನದಲ್ಲಿ ನುರಿತವರು. ರಾಗಸಂಗೀತ, ಪಾಶ್ಚಾತ್ಯ ಸಂಗೀತಗಳ ರಚನೆಯನ್ನು ಕುರಿತು ಗ್ರಂಥ ಬರೆದವರು. 1974ರ ಮೇ 18ರಂದು ಪೋಖರಣದಲ್ಲಿ ನಡೆದ ಅಣುಸ್ಫೋಟದ ಮುಂದಾಳುಗಳಲ್ಲಿಯೂ ಅವರೇ ಪ್ರಮುಖರು. ಒಂದೇ ಬೆರಳುಗಳೆಂದು ಕೆಲವರು ಬೆರಗಾಗುತ್ತಾರೆ, ಕೆಲವರು ಬೇಸರಿಸುತ್ತಾರೆ. ಎರಡಕ್ಕೂ ನಮಗೆ ಕಾರಣ ಕಾಣದು. ಆ ಸ್ಫೋಟ ಯುಕ್ತವೋ ಅಯುಕ್ತವೋ ಎಂಬುದನ್ನು ಅದರ ಕಾರಣ, ಪರಿಣಾಮಗಳಿಂದಲೇ ವಿಮರ್ಶಿಸಬೇಕು. ಅವರ ಪಿಯಾನೋವನ್ನು ಸಾಕ್ಷಿಯಾಗಿ ಕರೆಯುವುದು ಉಚಿತವಲ್ಲ.