ಯೆರೆಕಿನ ಅರಸನು ಕಳಕೊಂಡ ಗಿಡ



ಆದಿಕಾಂಡದ ಹತ್ತನೆಯ ಅಧ್ಯಾಯವನ್ನು ನಾವು ಹೆಸರುಗಳ ಪಟ್ಟಿಯೆಂದೆಣಿಸಿ ಬೇಗನೆ ಓದಿಬಿಡುತ್ತೇವೆ. ಅಲ್ಲಿ ಶಿನಾರ್ ದೇಶದ ಪಟ್ಟಣಗಳೊಳಗೆ ಯೆರೆಕ್ ಎಂಬದೊಂದು ಹೆಸರುಂಟು. ಆ ದೇಶದವರು ಅದನ್ನು ಉರುಕ್ ಎಂದು ಕರೆಯುತ್ತಿದ್ದರು. ಸುಮಾರು 9 ಕಿಲೋಮೀಟರು ಉದ್ದದ ಗೋಡೆಯು ಅದನ್ನು ಸುತ್ತಿಕೊಂಡಿತ್ತು. ಕಾಲಕ್ರಮದಲ್ಲಿ ಯೂಫ್ರೇಟೀಸ್ ನದಿಯು ತನ್ನ ದಾರಿಯನ್ನು ಬದಲಿಸಿತು, ಜನರು ಊರನ್ನು ಬಿಟ್ಟುಹೋದರು. ಈಗ ಅದು ಇರಾಕ್ ದೇಶದ ದಕ್ಷಿಣದಲ್ಲಿ ಬರೀ ದಿಬ್ಬವಾಗಿ ಬಿದ್ದದೆ. ಆ ಪಟ್ಟಣದ ಅರಸನೊಬ್ಬನು ಸಾವನ್ನು ತಪ್ಪಿಸಿಕೊಳ್ಳುವದಕ್ಕಾಗಿ ಲೋಕದ ಅಂಚಿನ ವರೆಗೆ ಹೋದ ಕಥೆಯನ್ನು ಈ ತಿಂಗಳು ನಿಮಗೆ ತಿಳಿಸಬೇಕೆಂದಿದ್ದೇನೆ.

ಕಥೆಯು ನಮ್ಮ ವರೆಗೆ ಬಂದ ಬಗೆಯೇ ಆಶ್ಚರ್ಯಕರವಾದದ್ದು. ಯೋನನು ಸಾರಿದ ನಿನೆವೆಯಲ್ಲಿ ಅಶ್ಶೂರದ ಅರಸನಾದ ಅಶುರ್ಬನಿಪಾಲನು ಪುಸ್ತಕಗಳನ್ನು ಕೂಡಿಸಿಟ್ಟಿದ್ದನು. ಅವು ಕಾಗದದವುಗಳಲ್ಲ, ಹಸಿ ಜೇಡಿಮಣ್ಣಿನ ಹಲಗೆಗಳ ಮೇಲೆ ಕಡ್ಡಿಯಿಂದ ಒತ್ತಿ ಬರೆದವುಗಳು. ಕ್ರಿಸ್ತಪೂರ್ವ 612ರಲ್ಲಿ ಶತ್ರುಗಳು ನಿನೆವೆಯನ್ನು ಹಾಳುಮಾಡಿ ಸುಟ್ಟರು. ಆದರೆ ಕುಂಬಾರನ ಆವಿಗೆಯನ್ನು ಕಂಡವರಿಗೆ ತಿಳಿದಿರುವಂತೆ ಬೆಂಕಿಯು ಮಣ್ಣನ್ನು ನಾಶಮಾಡುವದಿಲ್ಲ, ಗಟ್ಟಿಮಾಡುತ್ತದೆ. 1853ರಲ್ಲಿ ಮೋಸುಲಿನ ಕ್ರೈಸ್ತನಾದ ಹೊರ್ಮುಜ್ದ್ ರಸ್ಸಾಮನು ಆ ಅರಮನೆಯನ್ನು ಅಗೆದು ಹಲಗೆಗಳನ್ನು ಕಂಡುಹಿಡಿದನು. 1872ರಲ್ಲಿ ಜಾರ್ಜ್ ಸ್ಮಿತ್ ಎಂಬವನು ಲಂಡನಿನಲ್ಲಿ ಅವುಗಳನ್ನು ಓದುತ್ತಿರುವಾಗ ಜಲಪ್ರಳಯದ ವೃತ್ತಾಂತವೊಂದನ್ನು ಕಂಡನು. ಈ ಸ್ಮಿತನು ಪಂಡಿತರ ಮನೆಯಲ್ಲಿ ಹುಟ್ಟಿದವನಲ್ಲ. ನೋಟುಗಳನ್ನು ಅಚ್ಚುಹಾಕುವದಕ್ಕೆ ಬೇಕಾದ ತಗಡುಗಳ ಕೆತ್ತನೆಯನ್ನು ಕಲಿತು, ಮಧ್ಯಾಹ್ನದ ಬಿಡುವಿನಲ್ಲಿ ವಸ್ತುಸಂಗ್ರಹಾಲಯಕ್ಕೆ ಹೋಗಿ ಆ ಲಿಪಿಯನ್ನು ತಾನಾಗಿ ಕಲಿತವನು.

ಆ ಹಲಗೆಗಳು ಹೇಳುವದೇನಂದರೆ: ಗಿಲ್ಗಮೇಷನೆಂಬ ಬಲಿಷ್ಠ ಅರಸನಿಗೆ ಎನ್ಕಿದು ಎಂಬ ಪ್ರಾಣಸ್ನೇಹಿತನಿದ್ದನು. ಆ ಸ್ನೇಹಿತನು ರೋಗದಿಂದ ಸತ್ತನು. ಅರಸನು ಏಳು ರಾತ್ರಿಗಳ ವರೆಗೆ ಹೆಣವನ್ನು ಹೂಣಿಡಗೊಡದೆ ಅದರ ಬಳಿಯಲ್ಲಿ ಅಳುತ್ತಾ ಕೂತಿದ್ದನು. ಬಳಿಕ, ನಾನೂ ಹೀಗೆಯೇ ಆಗುವೆನಲ್ಲಾ ಎಂಬ ಹೆದರಿಕೆಯು ಅವನನ್ನು ಹಿಡಿಯಿತು. ಅವನು ಸಿಂಹಾಸನವನ್ನು ಬಿಟ್ಟು, ಚರ್ಮವನ್ನು ಹೊದ್ದು, ಕತ್ತಲೆಯ ಬೆಟ್ಟವನ್ನೂ ಸಾವಿನ ನೀರುಗಳನ್ನೂ ದಾಟಿ, ಪ್ರಳಯದಲ್ಲಿ ಉಳಿದು ಸಾಯದೆ ಇದ್ದ ಊತ್ನಪಿಷ್ಟಿಮನೆಂಬ ಮುದುಕನ ಬಳಿಗೆ ಹೋದನು. ಮುದುಕನು ಅವನಿಗೆ, ಆರು ಹಗಲು ಏಳು ರಾತ್ರಿ ನಿದ್ರೆಮಾಡದೆ ಇರು, ನೋಡೋಣ ಎಂದನು. ಅರಸನು ಕೂತಲ್ಲಿಯೇ ಮಲಗಿಬಿಟ್ಟನು. ಮುದುಕನ ಹೆಂಡತಿ ದಿನಕ್ಕೊಂದು ರೊಟ್ಟಿಯನ್ನು ಸುಟ್ಟು ಪಕ್ಕದಲ್ಲಿಟ್ಟಳು. ಅವನು ಎದ್ದಾಗ ಮೊದಲನೆಯ ರೊಟ್ಟಿ ಒಣಗಿಹೋಗಿತ್ತು. ನಿದ್ರೆಯನ್ನೇ ಗೆಲ್ಲಲಾರದವನು ಮರಣವನ್ನು ಗೆಲ್ಲುವದು ಹೇಗೆ? ಕಡೆಗೆ ಅವನು ಕಾಲಿಗೆ ಕಲ್ಲು ಕಟ್ಟಿ ನೀರಿನ ಆಳಕ್ಕಿಳಿದು, ಮುದುಕರನ್ನು ಎಳೆಯರನ್ನಾಗಿ ಮಾಡುವ ಗಿಡವೊಂದನ್ನು ಕಿತ್ತುತಂದನು. ಊರಿಗೆ ಹಿಂದಿರುಗುವ ದಾರಿಯಲ್ಲಿ ತಣ್ಣೀರ ಕೊಳದಲ್ಲಿ ಸ್ನಾನಕ್ಕಿಳಿದಾಗ ಹಾವೊಂದು ವಾಸನೆಹಿಡಿದು ಬಂದು ಆ ಗಿಡವನ್ನು ಎತ್ತಿಕೊಂಡು ಹೋಯಿತು. ಹೋಗುತ್ತಾ ಪೊರೆ ಕಳಚಿತು. ಅರಸನು ಕೂತು ಅತ್ತನು.

ಈ ಕಥೆಯನ್ನು ನಾನು ಸೆಮಿನರಿಯಲ್ಲಿ ಓದಿದಾಗ, ಇದು ಅಜ್ಞಾನಿಗಳ ಕಟ್ಟುಕಥೆ ಎಂದು ಪುಸ್ತಕವನ್ನು ಮುಚ್ಚಿಟ್ಟೆನು. ಕೆಲವು ವರುಷಗಳ ಹಿಂದೆ ನಮ್ಮ ಸಭೆಯ ಒಬ್ಬ ರೈತನ ಒಂಭತ್ತು ವರುಷದ ಮಗನು ಜ್ವರದಿಂದ ತೀರಿಹೋದನು. ತಂದೆಯು ಮಗುವನ್ನು ಮಡಿಲಿನಿಂದ ಇಳಿಸಲೊಲ್ಲದೆ ಸಾಯಂಕಾಲದ ವರೆಗೂ ಕೂತಿದ್ದನು. ನಾನು ಪುನರುತ್ಥಾನದ ವಿಷಯದಲ್ಲಿ ಕಲಿತ ಮಾತುಗಳನ್ನೆಲ್ಲಾ ಒಂದರ ಮೇಲೊಂದು ಹೇಳಿದೆನು; ಒಂದಾದರೂ ಅವನ ಕಿವಿಗೆ ಬೀಳಲಿಲ್ಲ. ಇವನ ನಂಬಿಕೆ ಇಷ್ಟೇ ಎಂದು ಕೆಲವರು ಬಾಗಲಲ್ಲಿ ಪಿಸುಗುಟ್ಟಿದರು. ನಾನು ಅವರನ್ನು ತಡೆಯಲಿಲ್ಲ. ಅದು ನನ್ನ ಪಾಪ.

ಆ ಸುಗ್ಗಿಯಲ್ಲಿ ಕಣದ ಬಳಿ ಒಂದು ರಾತ್ರಿ ಅವನ ಸಂಗಡ ಕೂತಿರುವಾಗ, ಯಾಕೋ ಈ ಅರಸನ ಕಥೆಯನ್ನು ಹೇಳಿದೆನು. ಅವನು ಗಿಡದ ವಿಷಯ ಕೇಳಲಿಲ್ಲ, ಹಾವಿನ ವಿಷಯವೂ ಕೇಳಲಿಲ್ಲ. ಅವನು ಕೇಳಿದ್ದು, ಅಯ್ಯಾ, ಅಂಥಾ ಅರಸನೂ ಹೆಣವನ್ನು ಬಿಡಲಿಲ್ಲವೋ, ಎಂದು. ಬಿಡಲಿಲ್ಲ ಅಂದೆನು. ಹಾಗಾದರೆ ನಾನೊಬ್ಬನೇ ಅಲ್ಲ ಎಂದು ಹೇಳಿ, ಮಗನು ಸತ್ತಂದಿನಿಂದ ಅಳದೆ ಇದ್ದವನು ಆ ರಾತ್ರಿ ಅತ್ತನು.

ಪ್ರಿಯರೇ, ಇದರಿಂದ ನಾನು ಕಲಿತದ್ದನ್ನು ನಿಮಗೂ ಹೇಳುತ್ತೇನೆ. ಮರಣದ ಭಯವು ಎಲ್ಲಾ ವೇಳೆಯಲ್ಲಿಯೂ ಅವಿಶ್ವಾಸದಿಂದ ಹುಟ್ಟುವದಿಲ್ಲ. ಅನೇಕಸಾರಿ ಪ್ರೀತಿಯಿಂದ ಹುಟ್ಟುತ್ತದೆ. ಬೇಥಾನ್ಯದಲ್ಲಿ ನಮ್ಮ ಕರ್ತನು ಲಾಜರನನ್ನು ಎಬ್ಬಿಸುವೆನೆಂದು ಬಲ್ಲವನಾಗಿದ್ದಾಗ್ಯೂ ಸಮಾಧಿಗೆ ಹೋಗುವಾಗ ಮೊದಲು ಅತ್ತನು. ನಾನಾದರೋ ಅಳುವದನ್ನು ಬಿಟ್ಟು ಉಪದೇಶಿಸುವದಕ್ಕೆ ಅವಸರಪಟ್ಟೆನು.

ಇನ್ನೊಂದು ಮಾತು. ಆಯುಷ್ಯವನ್ನು ಹೆಚ್ಚಿಸುತ್ತೇನೆಂದು ಬೇರನ್ನೂ ತಾಯಿತಿಯನ್ನೂ ಮಾರುವವರು ಬಂದರೆ ನಿಮ್ಮ ಹಣವನ್ನು ಗಂಟಿನಲ್ಲಿಯೇ ಇಟ್ಟುಕೊಳ್ಳಿರಿ. ಜ್ವರಬಂದ ಮಗುವನ್ನು ತಡಮಾಡದೆ ಆಸ್ಪತ್ರೆಗೆ ಕರಕೊಂಡುಹೋಗಿರಿ. ವೈದ್ಯನ ಔಷಧವು ದೇವರು ಕೊಟ್ಟ ದಿನಗಳನ್ನು ಕಾಪಾಡುವದಕ್ಕೆ ಸಹಾಯವಾಗಿದೆ. ಸಾಯದಂತೆ ಮಾಡುವ ಗಿಡವೋ ಯಾವ ಸಮುದ್ರದಲ್ಲಿಯೂ ಇಲ್ಲ. ಆ ಹಲಗೆಗಳನ್ನು ಓದಿದ ಸ್ಮಿತನೂ ಮತ್ತೆ ಅವುಗಳನ್ನು ಹುಡುಕಹೋಗಿ, 1876ರಲ್ಲಿ ಹಿಂದಿರುಗುವ ದಾರಿಯಲ್ಲಿ, ಅಲೆಪ್ಪೋ ಪಟ್ಟಣದ ಸೀಮೆಯಲ್ಲಿ, ಆಮಶಂಕೆಯಿಂದ ತೀರಿಹೋದನು. ಅವನ ವಯಸ್ಸು 36. ಊರಲ್ಲಿ ಹೆಂಡತಿ ಮಕ್ಕಳು ಅವನನ್ನು ಕಾಯುತ್ತಿದ್ದರು.

ಅರಸನು ಜೀವವನ್ನು ಹುಡುಕುತ್ತಾ ಲೋಕದ ಅಂಚಿಗೆ ಹೋದನು, ಬರಿಗೈಯಲ್ಲಿ ಬಂದನು. ನಮ್ಮ ಸುವಾರ್ತೆಯಲ್ಲಾದರೋ ಜೀವಕೊಡುವಾತನೇ ನಮ್ಮನ್ನು ಹುಡುಕುತ್ತಾ ಬಂದನು. ನಮ್ಮ ಸಾವನ್ನು ತಾನೇ ಸತ್ತನು. ಆದಕಾರಣ ನಿತ್ಯಜೀವವು ಬಲಿಷ್ಠರು ಕಿತ್ತುತರುವ ಗಿಡವಲ್ಲ, ನಿದ್ರೆಯನ್ನೂ ಗೆಲ್ಲಲಾರದ ನಮ್ಮಂಥವರಿಗೆ ದೊರಕುವ ದಾನವಾಗಿದೆ. ಅದನ್ನು ಹೊಂದಿದ ನಾವು ಸಾವಿನ ಮನೆಗೆ ಹೋದಾಗ ಬಾಗಲಲ್ಲಿ ನಿಂತು ಪಿಸುಗುಟ್ಟದೆ, ಒಳಗೆ ಹೋಗಿ, ಅಳುವವರ ಪಕ್ಕದಲ್ಲಿ ಕೂತುಕೊಳ್ಳೋಣ. ಅದಕ್ಕೆ ಬೇಕಾದ ಕೃಪೆಯನ್ನು ಕರ್ತನು ನಮಗೆಲ್ಲರಿಗೂ ಅನುಗ್ರಹಿಸಲಿ. ಆಮೆನ್.